ಹೊಸ್ತಿಲವರೆಗೆ ಹಾಸಿದ ಕೌದಿ

ಕಾರ್ತಿಕ ಮುಗಿದು ಚಳಿ ಬಿಗಿಯಾದ ವಾರವೇ ಎರ್ರೆಪ್ಪನ ಮನೆಯ ತಾಮ್ರದ ಹಂಡೆಗೆ ತೂತು ಬಿತ್ತು. ಅವನ ಹೆಂಡತಿ ಗಾದೆಮ್ಮ ಒಲೆಗೆ ಶೇಂಗಾ ಹೊಟ್ಟು ತುಂಬಿ, ಊದಿ ಊದಿ ಬೆಂಕಿ ಎಬ್ಬಿಸಿದ್ದಳು. ಒಳಗೆ ಹೋಗಿ ಒಂದು ರೊಟ್ಟಿ ತಟ್ಟಿ ಬರುವುದರೊಳಗೆ ಹಂಡೆಯ ನೀರೇ ತೊಟ್ಟಿಕ್ಕಿ ಬೆಂಕಿಯನ್ನು ಆರಿಸಿ ಬಚ್ಚಲು ತುಂಬ ಹೊಗೆ ಮಾಡಿಟ್ಟಿತ್ತು.

“ಏನ್ರೀ, ಹಂಡಿ ಸೋರಾಕತ್ತೈತಿ,” ಎಂದಳು ಗಂಡನಿಗೆ.

“ಸಂಜಿಗೆ ನೋಡ್ತೀನಿ.”

ಎರ್ರೆಪ್ಪನ ಸಂಜೆ ಎಂಥದ್ದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಮುಂಬಾಗಿಲು ತಿರುಗುವ ಗೂಟ ಸವೆದು, ಬಾಗಿಲು ಕುಡುಕನ ಹಾಗೆ ವಾಲಿದ್ದು ದಸರಾದಲ್ಲಿ. ಅದನ್ನೂ ಅವನು ಸಂಜೆಗೆ ನೋಡುವವನಿದ್ದ. ಪಂಪ್ ಸ್ಟೋವಿನ ವಾಷರು ಹೋಗಿ ಅದು ಮೂಲೆ ಸೇರಿದ್ದು ಅದಕ್ಕೂ ಮೊದಲು. ಅವನು ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುವವನು. ಚಳಿಗಾಲದಲ್ಲಿ ಮಿಲ್ಲಿಗೆ ಬಿಡುವೇ ಇಲ್ಲ. ದಿನವೆಲ್ಲ ದಬ್ಬಣ ಹಿಡಿದ ಕೈ ಮನೆಗೆ ಬಂದ ಮೇಲೆ ತುತ್ತು ಎತ್ತಿದರೆ ಹೆಚ್ಚು. ಮನೆಯಲ್ಲಿ ಏನು ಮುರಿದರೂ ಅವನಿಗೆ ಹೊಳೆಯುವ ಔಷಧ ಒಂದೇ, ಸುತಳಿ. ಬಾಗಿಲನ್ನೂ ಸುತಳಿಯಿಂದಲೇ ಚೌಕಟ್ಟಿಗೆ ಕಟ್ಟಿದ್ದ. ಹಂಡೆಯ ತೂತಿಗೆ ಸುತಳಿ ಕಟ್ಟಲು ಬರುವುದಿಲ್ಲವಲ್ಲ, ಅದಕ್ಕೇ ಸುಮ್ಮನಾದ.

ಬೇರೆ ವರ್ಷವಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಈ ವರ್ಷ ಮಗಳು ಜಂಬಕ್ಕ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಸಂಕ್ರಾಂತಿಯ ಆಸುಪಾಸು ಹೆರಿಗೆ ಎಂದು ಸೂಲಗಿತ್ತಿ ಹೇಳಿದ್ದಳು. ಬಾಣಂತಿಗೆ ಬಿಸಿನೀರು ಬೇಕು, ಗಾಳಿ ತಡೆಯುವ ಬಾಗಿಲು ಬೇಕು, ಬೆಚ್ಚಗಿನ ಹಾಸಿಗೆ ಬೇಕು. ಕೊಬ್ಬರಿ, ಅಂಟು, ತುಪ್ಪದ ಖರ್ಚು ಬೇರೆ. ಅದಕ್ಕೆಂದು ಎತ್ತಿಟ್ಟ ದುಡ್ಡನ್ನು ಯಾರಾದರೂ ಮುಟ್ಟಿದರೆ ಕೈ ಸುಡುತ್ತೇನೆ ಎಂದು ಗಾದೆಮ್ಮ ಮೊದಲೇ ಸಾರಿದ್ದಳು.

ಅದೇ ವಾರ ಜಂಬಕ್ಕನ ಅತ್ತೆ ಉಚ್ಚಂಗೆಮ್ಮ ಸೊಸೆಯನ್ನು ನೋಡಲು ಚಿಗಟೇರಿಯಿಂದ ಬಂದಳು. ಮನೆಯೊಳಗೆ ಏನೂ ಅನ್ನಲಿಲ್ಲ. ವಾಲಿದ ಬಾಗಿಲು ನೋಡಿದಳು, ಹೊಗೆ ತುಂಬಿದ ಬಚ್ಚಲು ನೋಡಿದಳು, ಸೊಸೆ ಮಲಗುವ ಹರಕು ಜಮಖಾನೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಕೊಟ್ಟ ಚಹಾ ಕುಡಿದಳು. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದಾಗ, ಹತ್ತು ಮಂದಿ ನಿಂತಿದ್ದ ಕಡೆ, ತನ್ನ ದಪ್ಪ ದನಿಯಲ್ಲಿ ಅಂದಳು.

“ಎರ್ರೆಪ್ಪಣ್ಣ, ಎಳ್ಳಮಾಸಿ ಆದ ಮ್ಯಾಲೆ ಮತ್ತ ಬರ್ತೀನಿ. ಹಂಡಿ, ಬಾಗಲ, ಹಾಸಿಗಿ ನೆಟ್ಟಗಿದ್ರ ನನ್ನ ಸೊಸಿ ಇಲ್ಲೇ ಹಡೀಲಿ. ಇಲ್ಲಾಂದ್ರ ನಾ ಕರಕೊಂಡು ಹೋಗಾಕಿ.”

ಚೊಚ್ಚಲು ಹೆರಿಗೆಯ ಮಗಳನ್ನು ತವರಿನಿಂದ ವಾಪಸು ಒಯ್ಯುವುದೆಂದರೆ ತವರಿನವರ ಮುಖಕ್ಕೆ ಮಸಿ ಬಳಿದಂತೆ. ಎಳ್ಳು ಅಮಾವಾಸ್ಯೆಗೆ ಪೂರ್ತಿ ತಿಂಗಳೂ ಉಳಿದಿರಲಿಲ್ಲ. ಎರ್ರೆಪ್ಪ ಬಸ್ಸು ಹೋಗುವ ತನಕ ತಲೆ ಎತ್ತಲಿಲ್ಲ. ಜಂಬಕ್ಕ ಮನೆಗೆ ಬಂದವಳೇ ಅಜ್ಜಿಯ ಪಕ್ಕ ಕುಳಿತು, “ಅಜ್ಜಿ, ನಾ ಹೋಗಂಗಿಲ್ಲ. ನನಗ ನೀನ ನೀರು ಎರೀಬೇಕು,” ಎಂದಳು.

ಅಜ್ಜಿ ಅಂಜಿನಕ್ಕ, ಎರ್ರೆಪ್ಪನ ತಾಯಿ. ಅವಳ ಸಿಟ್ಟು ಓಣಿಗೇ ಗೊತ್ತು.

“ಹಾಸಿಗಿ ನನಗ ಬಿಡ್ರಿ,” ಎಂದಳು ಅಂಜಿನಕ್ಕ. “ಅಟ್ಟದ ಮ್ಯಾಲೆ ಗಂಟು ಐತಿ. ಅಂಥಾ ಕೌದಿ ಹೊಲಿತೀನಿ, ಆ ಚಿಗಟೇರಿಯಾಕಿ ತನಗೂ ಒಂದು ಹೊಲಿದು ಕೊಡು ಅಂತ ಕಾಲಿಗೆ ಬೀಳಬೇಕು. ಹಂಡಿ, ಬಾಗಲ ನೀವು ನೋಡಿಕೊಳ್ರಿ.”

ಅಟ್ಟದ ಮೇಲಿನ ಗಂಟು ಅವಳು ವರ್ಷಗಟ್ಟಲೆ ಕೂಡಿಟ್ಟದ್ದು. ಹಳೆಯ ಸೀರೆ, ಕುಪ್ಪಸ, ಜಂಬಕ್ಕನ ಸಣ್ಣಂದಿನ ಲಂಗ, ಎಲ್ಲಕ್ಕಿಂತ ಮುಖ್ಯವಾಗಿ ತೀರಿಹೋದ ಗಂಡನ ಉದ್ದನೆಯ ರುಮಾಲು. ಅದು ಕೌದಿಯ ತಳಕ್ಕೆ. ತಳದ ಬಟ್ಟೆ ಗಟ್ಟಿಯಿಲ್ಲದ ಕೌದಿ ಎರಡು ಚಳಿ ಬಾಳುವುದಿಲ್ಲ.

ಮರುದಿನ ಅವಳು ತಂಗಿಯ ಮನೆಯ ಮದುವೆಗೆಂದು ಹೊಸಹಳ್ಳಿಗೆ ಹೋದಳು. ಎಡವಟ್ಟಾದದ್ದು ಆಗಲೇ.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ನಾಗಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿಗೆ ಬಂದಳು. ಆ ಕಾಲಕ್ಕೆ ಸ್ಟೀಲಿನ ಹುಚ್ಚು ಹೊಸದು. ಬುಟ್ಟಿಯ ಮೇಲೆ ಅಗಲ ಬಾಯಿಯ ಒಂದು ಡಬರಿ ಇತ್ತು, ಎರಡು ಕೊಡ ನೀರು ಹಿಡಿಯುವಷ್ಟು ದೊಡ್ಡದು. ಬಿಸಿಲಿಗೆ ಅದು ಮಿಂಚುವುದನ್ನು ನೋಡಿ ಗಾದೆಮ್ಮನಿಗೆ ಹಂಡೆಯ ಚಿಂತೆಯೇ ಕಳೆಯಿತು ಅನ್ನಿಸಿತು.

“ಎಷ್ಟು ಬಟ್ಟಿ ಕೊಡಬೇಕು?”

“ನಿನ್ನ ಮನ್ಯಾಗ ಏನೈತಿ ತೋರಿಸವ್ವ.”

ಗಾದೆಮ್ಮ ತನ್ನ ಎರಡು ಹರಕು ಸೀರೆ ತಂದಳು. ನಾಗಕ್ಕ ಒಂದು ಲೋಟ ತೋರಿಸಿದಳು. ಮತ್ತೊಂದು ಸೀರೆ ತಂದಳು. ನಾಗಕ್ಕ ಲೋಟದ ಜೊತೆಗೆ ಚಮಚೆ ಇಟ್ಟಳು. ಗಾದೆಮ್ಮನಿಗೆ ರೋಷ ಬಂತು. ಏಣಿ ಹಾಕಿ ಅಟ್ಟ ಹತ್ತಿದಳು. ಗಂಟನ್ನು ನೂಕಿದಾಗ ಅದರೊಳಗಿಂದ ಒಂದು ಇಲಿ ಹಾರಿ ಓಡಿತು. ಇದು ಇನ್ನು ಕೌದಿಯಾದ ಹಾಗೇ ಎಂದುಕೊಂಡು ಗಂಟನ್ನು ಕೆಳಗೆ ಒಗೆದೇಬಿಟ್ಟಳು.

“ಯವ್ವ, ಅಜ್ಜಿ ಗಂಟು ಅದು,” ಎಂದಳು ಜಂಬಕ್ಕ.

“ಇಲಿ ಗಂಟು. ನಿನಗ ನೀರು ಕಾಸಾಕ ಪಾತ್ರಿ ಬೇಕೋ ಬ್ಯಾಡೋ?”

ಡಬರಿ ಮನೆಗೆ ಬಂತು. ಸಂಜೆ ಅದರಲ್ಲಿ ನೀರು ತುಂಬಿ ಒಲೆಯ ಮೇಲಿಟ್ಟಳು. ಶೇಂಗಾ ಹೊಟ್ಟಿನ ಉರಿ ಜೋರು. ತೆಳ್ಳನೆಯ ತಳ ‘ಟಣ್’ ಎಂದು ಹೊರಗೆ ಉಬ್ಬಿ, ಕಪ್ಪಗಾಯಿತು. ಇಳಿಸಿ ನೆಲಕ್ಕಿಟ್ಟರೆ ಡಬರಿ ನಿಲ್ಲಲೊಲ್ಲದು, ಬುಗುರಿಯ ಹಾಗೆ ತೂಗುತ್ತದೆ.

ಎರ್ರೆಪ್ಪ ನೋಡಿದ. “ಬುಡಕ್ಕ ಸುತಳಿ ಸುತ್ತಿದ ಸಿಂಬಿ ಇಡು, ನಿಲ್ತೈತಿ,” ಎಂದ. ಹೆಂಡತಿ ತಿರುಗಿ ನೋಡಿದ ರೀತಿಗೆ ಊಟ ಕೇಳದೆ ಎದ್ದುಹೋದ.

ಅಂಜಿನಕ್ಕ ಹೊಸಹಳ್ಳಿಯಿಂದ ಬಂದವಳು ಕೈಕಾಲು ತೊಳೆದು ಅಟ್ಟದ ಕಡೆ ನೋಡಿದಳು.

“ಗಂಟೆಲ್ಲಿ?”

ಮೂಲೆಯಲ್ಲಿ ಡಬರಿ ಸಿಂಬಿಯ ಮೇಲೆ ಕುಳಿತಿತ್ತು.

“ಗಾದೆಮ್ಮ, ಗಂಟೆಲ್ಲಿ ಅಂದೆ.”

“ಇಲಿ ಮರಿ ಹಾಕಿದ್ವು, ಅತ್ತಿ. ಕೊಟ್ಟು ಇದನ್ನ ತಗೊಂಡೆ.”

“ನಿನ್ನ ಮಾವನ ರುಮಾಲು ಕೊಟ್ಟು ಈ ತಗಡು ತಗೊಂಡಿ?”

“ತಗಡಲ್ಲ, ಸ್ಟೀಲು. ಹಂಡಿ ಸೋರಾಕತ್ತಿದ್ದು ಯಾರಿಗೂ ಕಾಣವಲ್ದು. ನೀವು ಮದುವಿ ಊಟ ಮಾಡಾಕ ಹೋದ್ರಿ, ನಿಮ್ಮ ಮಗ ಸಂಜಿ ಹುಡುಕ್ಕೊಂಡು ಕುಂತಾನ. ನಾ ಒಬ್ಬಾಕಿನ ಏನಂತ ಮಾಡ್ಲಿ?”

“ಕೇಳಿ ಕೊಡಬೇಕಿತ್ತು.”

“ಕೇಳಿದ್ರ ಕೊಡ್ತಿದ್ರೇನು?”

“ಕೊಡ್ತಿದ್ದಿಲ್ಲ.”

“ಅದಕ್ಕ ಕೇಳ್ಲಿಲ್ಲ.”

ಅಲ್ಲಿಗೆ ಮಾತು ಮುಗಿಯಿತು. ಅಂಜಿನಕ್ಕ ಹಿತ್ತಲಿಗೆ ಹೋಗಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ತನ್ನ ಪಾಲಿನ ಜೋಳದ ಹಿಟ್ಟು, ಒಂದು ಹಿಡಿ ಬೇಳೆ, ಉಪ್ಪಿನ ಮರಿಗೆ ಎತ್ತಿಕೊಂಡು ಹೋಗಿ ಬೇರೆಯೇ ಅಡುಗೆ ಶುರುಮಾಡಿದಳು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ. ನೋಡಿದ ಓಣಿಯವರಿಗೆ ಹಬ್ಬ.

ಅವತ್ತಿನಿಂದ ಅತ್ತೆ ಸೊಸೆಯರ ಮಾತು ಜಂಬಕ್ಕನ ಮೂಲಕ. ಇಬ್ಬರೂ ಎರಡು ಮಾರು ದೂರದಲ್ಲೇ ಕುಳಿತಿದ್ದರೂ ಅಷ್ಟೇ.

“ಜಂಬೀ, ನಿಮ್ಮವ್ವಗ ಹೇಳು, ಕೋಳಿ ಜ್ವಾಳಕ್ಕ ಬಾಯಿ ಹಾಕೈತಿ ಅಂತ.”

“ಜಂಬೀ, ನಿಮ್ಮಜ್ಜಿಗೆ ಹೇಳು, ನನಗೂ ಕಣ್ಣದಾವ ಅಂತ.”

“ಇಬ್ಬರಿಗೂ ಕೇಳಿಸೈತಿ,” ಎನ್ನುತ್ತಿದ್ದಳು ಜಂಬಕ್ಕ, ಹೊಟ್ಟೆ ಹಿಡಿದು ನಗುತ್ತ. “ಕೋಳಿಗೂ ಕೇಳಿಸೈತಿ. ನಾ ಎದ್ದು ಓಡಿಸಾಕ ಆಗಂಗಿಲ್ಲ, ಯಾರರ ಏಳ್ರಿ.”

ಆದರೆ ಎಳ್ಳಮಾಸಿ ಹತ್ತಿರ ಬರುತ್ತಿತ್ತು. ಅಂಜಿನಕ್ಕ ಸೋಲುವವಳಲ್ಲ. ಗಂಟಿಲ್ಲದೆಯೇ ಕೌದಿ ಹೊಲಿಯುತ್ತೇನೆಂದು ಹಟ ಹಿಡಿದಳು. ಪಕ್ಕದ ಮನೆಯ ದಾವಲ್ ಬೀಯ ಗಂಡ ಫಕೀರಸಾಬ ಅರಳೆ ಹಿಂಜಿ ಗಾದಿ ಮಾಡುವವನು. ದಾವಲ್ ಬೀ ಗಾದಿಯ ಮೇಲ್ಬಟ್ಟೆಯಲ್ಲಿ ಉಳಿದ ಪಟ್ಟೆಪಟ್ಟೆ ತುಂಡುಗಳನ್ನು ಉಡಿ ತುಂಬ ತಂದು ಸುರಿದಳು.

“ಯಕ್ಕ, ನಮ್ಮನೆಯವರು ಅಂತಾರ, ಕೌದಿ ಯಾಕ, ಗಾದಿ ಮಾಡಿಕೊಡ್ತೀನಿ, ದುಡ್ಡು ಸುಗ್ಗಿಗೆ ಕೊಡ್ಲಿ ಅಂತ.”

“ನಿನ್ನ ಗಂಡಗ ಹೇಳು, ಗಾದಿ ಮ್ಯಾಲೆ ಮಲಗಿದ ಕೂಸು ಸೋಮಾರಿ ಆಗ್ತೈತಿ ಅಂತ. ಅವನ ಮಕ್ಕಳನ್ನ ನೋಡಿದ್ರ ತಿಳಿತೈತಿ.”

ದಾವಲ್ ಬೀ ಸಿಟ್ಟಾಗಲಿಲ್ಲ. “ಖರೇ ಐತಿ,” ಎಂದಳು. “ನಮ್ಮ ರಹಿಮಾನ್ ಇನ್ನೂ ಎದ್ದಿಲ್ಲ.”

ಅದು ಸಾಲದೆ ಅಂಜಿನಕ್ಕ ಮನೆಯ ಬಟ್ಟೆಗಳ ಮೇಲೆ ಕಣ್ಣು ಹಾಕಿದಳು. ಒಗೆಯಲು ಹಾಕಿದ್ದು ತಿರುಗಿ ಬರುವ ಭರವಸೆ ಇಲ್ಲವಾಯಿತು. ಒಂದು ದಿನ ಎರ್ರೆಪ್ಪ ಅವಸರದಲ್ಲಿ ಅಂಗಿ ತೊಟ್ಟು, ಮೇಲೆ ಟವೆಲು ಹೊದ್ದು ಮಿಲ್ಲಿಗೆ ಹೋದ. ಮಧ್ಯಾಹ್ನ ಸೆಕೆಗೆ ಟವೆಲು ತೆಗೆದಾಗ ಹಮಾಲರೆಲ್ಲ ಚೀಲ ಕೆಳಗಿಟ್ಟು ನಕ್ಕರು. ಅಂಗಿಗೆ ಬೆನ್ನೇ ಇರಲಿಲ್ಲ.

“ಯವ್ವಾ, ಏನಿದು?” ಎಂದು ಸಂಜೆ ಬಂದು ಕೇಳಿದ.

“ಮುಂದ ಐತಲ್ಲ. ಮಂದಿ ನಿನ್ನ ಮಕ ನೋಡ್ತಾರ, ಬೆನ್ನು ನೋಡಾಂಗಿಲ್ಲ.”

ಎಲ್ಲ ಸೇರಿತು, ತಳದ ಬಟ್ಟೆಯೊಂದೇ ಇಲ್ಲ. ಅಂಜಿನಕ್ಕ ತುಂಡುಗಳನ್ನು ಜೋಡಿಸುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಬೈಯದೆ ಸುಮ್ಮನಿದ್ದ ಅತ್ತೆಯನ್ನು ನೋಡುವುದು ಗಾದೆಮ್ಮನಿಗೆ ಕಷ್ಟವಾಯಿತು. ಹೊಸಹಳ್ಳಿಯ ಸಂತೆಗೆ ಹೊರಟುಬಿಟ್ಟಳು. ಗಂಡನ ಚಳಿಗೆ ಒಂದು ಹೊಸ ದಪ್ಪ ಟವೆಲು ತರುವುದಿದೆ ಎಂದು ನೆಪ ಹೇಳಿದಳು.

ಸಂತೆಯಲ್ಲಿ ನಾಗಕ್ಕ ಪಾತ್ರೆ ಹರವಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅವಳ ಗಂಡ ಬೀಡಿ ಸೇದುತ್ತಿದ್ದ. ತಲೆಯ ಮೇಲೆ ರುಮಾಲು. ಅಂಚಿಗೆ ಕೆಂಪು ಗೆರೆ, ಕಿವಿಯ ಹತ್ತಿರ ಬೀಡಿಯ ಕಿಡಿ ಬಿದ್ದ ಎರಡು ತೂತು. ಆ ಕಿಡಿ ಬಿದ್ದ ದಿನ ಮಾವ ಪಟ್ಟ ಗಾಬರಿ ಗಾದೆಮ್ಮನಿಗೆ ಇನ್ನೂ ನೆನಪಿತ್ತು.

“ಅಣ್ಣ, ತಲಿ ಬಗ್ಗಿಸು,” ಎಂದಳು.

“ಯಾಕವ್ವ?”

“ನಮ್ಮ ಮಾವನ ರುಮಾಲು ನಿನ್ನ ತಲಿ ಮ್ಯಾಲೈತಿ.”

ನಾಗಕ್ಕ ಎದ್ದು ನಿಂತಳು. “ಡಬರಿ ತಂದು ಕೊಡು, ಒಯ್ಯಿ. ಉಳಿದ ಬಟ್ಟಿ ದಾವಣಗೆರಿ ಲಾರಿ ಹತ್ಯಾವ.”

“ನಿನ್ನ ಡಬರಿ ಒಂದು ಉರಿಗೆ ಹೊಟ್ಟಿ ಬಂದು ಕುಂತೈತಿ.”

“ಅದನ್ನ ಒಲಿ ಮ್ಯಾಲೆ ಇಡು ಅಂತ ನಾ ಹೇಳಿದ್ನೇನು? ಅದು ನೀರು ತುಂಬಿ ಇಡಾಕ.”

“ನೀ ಹೇಳ್ಲಿಲ್ಲ.”

“ನೀ ಕೇಳ್ಲಿಲ್ಲ.”

ಗಾದೆಮ್ಮನಿಗೆ ಈ ಮಾತು ಎಲ್ಲೋ ಕೇಳಿದಂತಾಯಿತು. ಜಗಳ ಬಿಟ್ಟಳು. ಆಗಷ್ಟೇ ಕೊಂಡಿದ್ದ ಹೊಸ ಟವೆಲನ್ನು ಬಿಚ್ಚಿ ನಾಗಕ್ಕನ ಗಂಡನ ಮಡಿಲಿಗೆ ಹಾಕಿ, “ಇದನ್ನ ಸುತ್ತಿಕೋ, ಚಳಿಗೆ ಚಲೋ ಐತಿ,” ಎಂದಳು. ಅವನು ಹೆಂಡತಿಯ ಮುಖ ನೋಡಲಿಲ್ಲ. ರುಮಾಲು ಬಿಚ್ಚಿ ಕೊಟ್ಟುಬಿಟ್ಟ.

ಹೀಗೆ ಎರ್ರೆಪ್ಪ ಆ ಚಳಿಗಾಲದಲ್ಲಿ ತಾಯಿಯಿಂದ ಅಂಗಿ ಕಳೆದುಕೊಂಡ, ಹೆಂಡತಿಯಿಂದ ಟವೆಲು ಕಳೆದುಕೊಂಡ.

ಗಾದೆಮ್ಮ ರುಮಾಲನ್ನು ತಂದು ತುಂಡುಗಳ ರಾಶಿಯ ಮೇಲಿಟ್ಟು ಒಳಗೆ ಹೋದಳು. ಅಂಜಿನಕ್ಕ ಹಿತ್ತಲಿಂದ ಬಂದು ನೋಡಿದಳು. ಎತ್ತಿಕೊಂಡಳು. ಮೂಸಿದಳು.

“ಜಂಬೀ, ನಿಮ್ಮವ್ವಗ ಹೇಳು, ಒಗೆದು ಇಡಬೇಕಿತ್ತು ಅಂತ. ಯಾರದೋ ತಲಿ ಎಣ್ಣಿ ವಾಸನಿ ಹೊಡಿತೈತಿ.”

ಆದರೆ ಅವತ್ತು ರಾತ್ರಿ ಗಾದೆಮ್ಮ ಮಾಡಿದ ಪುಂಡಿಪಲ್ಯವನ್ನು ಅವಳು ಬೇಡವೆನ್ನಲಿಲ್ಲ. ರೊಟ್ಟಿ ಮಾತ್ರ ತನ್ನದೇ.

ರುಮಾಲು ಒಗೆದು, ಒಣಗಿಸಿ, ಉದ್ದಕ್ಕೆ ಕತ್ತರಿಸಿ ಕೂಡಿಸಿ ಪಡಸಾಲೆಯ ನೆಲಕ್ಕೆ ಹಾಸಿದರು. ಮೇಲೆ ಸೀರೆಯ ಪದರ, ಅದರ ಮೇಲೆ ಬಣ್ಣಬಣ್ಣದ ತುಂಡು. ಕೌದಿ ಪಡಸಾಲೆಯ ಅರ್ಧ ಹಿಡಿಯಿತು. ಆ ಮನೆಯಲ್ಲಿ ಕೌದಿಗೆ ಎರಡು ಕಟ್ಟುಪಾಡು. ಹಾಸಿದ ಕೌದಿಯ ಮೇಲೆ ಕಾಲಿಟ್ಟವರು, ದೊಡ್ಡವರಾಗಲಿ ಸಣ್ಣವರಾಗಲಿ, ಕುಳಿತು ಒಂದು ಸಾಲು ಹೊಲಿದೇ ಏಳಬೇಕು. ಇನ್ನೊಂದು, ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಹೋಳಿಗೆಯನ್ನು ಒಳಗಿಟ್ಟು ಕೌದಿಗೆ ಉಣ್ಣಿಸಬೇಕು. ಹಸಿದ ಕೌದಿಯನ್ನು ಯಾರೂ ಹೊದೆಯುವಂತಿಲ್ಲ.

ಮೊದಲು ಸಿಕ್ಕಿಬಿದ್ದವನು ಎರ್ರೆಪ್ಪ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕಾಲಿಟ್ಟ.

“ಕುಂದ್ರು,” ಎಂದಳು ತಾಯಿ.

“ಸಂಜಿಗೆ ಹೊಲಿತೀನಿ ಬೇ.”

“ಕುಂದ್ರು ಅಂದೆ.”

ಕುಳಿತ. ಅವನ ಕೈಗೆ ಗೊತ್ತಿದ್ದದ್ದು ಚೀಲದ ಹೊಲಿಗೆ ಒಂದೇ. ಕೌದಿಯ ಅಂಚಿನ ಉದ್ದಕ್ಕೂ ಶೇಂಗಾ ಚೀಲದ ಬಾಯಿಗೆ ಹಾಕುವಂಥ ದೊಡ್ಡ ದೊಡ್ಡ ಗಂಟು ಬಿದ್ದವು. ಜಂಬಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. ದಾವಲ್ ಬೀ ಬಂದು ಬೇಕೆಂದೇ ಹೆಬ್ಬೆರಳು ಊರಿ, “ಅಯ್ಯ, ಕಾಲು ತಾಕಿತು,” ಎಂದು ಕುಳಿತು ತನ್ನ ಸಾಲು ಹಾಕಿ ಹೋದಳು.

ಅಂಜಿನಕ್ಕ ಬೀದಿಯ ಕಡೆಯ ಅಂಚಿನಿಂದ ಹೊಲಿಯುತ್ತ ಬಂದಳು. ಅವಳು ಮಧ್ಯಾಹ್ನ ಅಡ್ಡಾದಾಗ ಗಾದೆಮ್ಮ ಅಡುಗೆಮನೆಯ ಕಡೆಯ ಅಂಚಿನಿಂದ ಹೊಲಿದಳು. ಎದ್ದ ಅಂಜಿನಕ್ಕ ಹೊಸ ಸಾಲುಗಳನ್ನು ಬೆರಳಿಂದ ಸವರಿ ನೋಡಿದಳು.

“ಜಂಬೀ, ಈ ಕೌದಿಗೆ ಹೇಳು, ತನ್ನಷ್ಟಕ್ಕ ತಾನು ಹೊಲಿಸ್ಕೊಳ್ಳಾಕತ್ತೈತಿ. ಹೊಲಿಸ್ಕೊಳ್ಳಲಿ, ಟಾಕಿ ಇಷ್ಟಿಷ್ಟು ಉದ್ದ ಬ್ಯಾಡ.”

ಆದರೆ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ. ಸೂಜಿಗೆ ದಾರ ಪೋಣಿಸಲು ಅವಳ ಕಣ್ಣಿಗೆ ಆಗುತ್ತಿರಲಿಲ್ಲ. ಜಂಬಕ್ಕನ ಕೈಗೆ ಕೊಡುತ್ತಿದ್ದಳು. ಗಾದೆಮ್ಮ ಅಲ್ಲೇ ಇದ್ದರೂ ಅವಳಿಗೆ ಕೊಡುತ್ತಿರಲಿಲ್ಲ.

ಈ ನಡುವೆ ರಹಿಮಾನ್ ಒಂದು ಒಳ್ಳೆಯ ಕೆಲಸ ಮಾಡಿದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಸೈಕಲ್ ರಿಪೇರಿ ಅಂಗಡಿ. ಹಂಡೆಯನ್ನು ಹೊತ್ತೊಯ್ದು ಹಿತ್ತಾಳೆಯ ತುಂಡಿಟ್ಟು ಬೆಸುಗೆ ಹಾಕಿ ತಂದ. ಸ್ಟೋವಿಗೆ ಸೈಕಲ್ ಪಂಪಿನ ವಾಷರನ್ನೇ ಕತ್ತರಿಸಿ ಕೂಡಿಸಿದ. ದುಡ್ಡು ಎಷ್ಟೆಂದು ಕೇಳಿದರೆ, “ಕೂಸು ಹುಟ್ಟಿದ ದಿನ ಪೇಡೆ ಕೊಡ್ರಿ,” ಎಂದ. ಸೋಮಾರಿ ಎಂದು ಅಂದಿದ್ದಕ್ಕೆ ಅಂಜಿನಕ್ಕನಿಗೆ ಸ್ವಲ್ಪ ನಾಚಿಕೆಯಾಯಿತು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಉಳಿದದ್ದು ಬಾಗಿಲು. ಎಳ್ಳಮಾಸಿ ಕಳೆಯಿತು. ಗಾದೆಮ್ಮ ಗಂಡನಿಗೆ ಕೊನೆಯ ಮಾತು ಹೇಳಿದಳು. “ಬಾಗಲ ಆಗೋ ತನಕ ನಿಮಗ ರೊಟ್ಟಿ ಇಲ್ಲ. ನಿಮ್ಮವ್ವನ ಒಲಿಗೆ ಹೋಗ್ರಿ.”

ತಾಯಿ ಹಿತ್ತಲಿಂದ ಕೂಗಿದಳು. “ಇಲ್ಲೂ ಇಲ್ಲ.”

ಆ ವಿಷಯದಲ್ಲಿ ಅತ್ತೆ ಸೊಸೆ ಒಂದೇ ಆಗಿದ್ದರು. ಎರ್ರೆಪ್ಪ ಬೆಳಿಗ್ಗೆ ಎದ್ದು ಸುತಳಿ ಕತ್ತರಿಸಿ, ಬಾಗಿಲನ್ನು ಪೂರ್ತಿ ಕಳಚಿ, ಹೊರಗೆ ಗೋಡೆಗೆ ಆನಿಸಿ ನಿಲ್ಲಿಸಿದ. ಬಡಿಗೇರನ ಹತ್ತಿರ ಗೂಟ ಮಾಡಿಸಲು ಹಾಕಿದ. ಅಷ್ಟರಲ್ಲಿ ಮಿಲ್ಲಿನ ಸೈರನ್ನು ಕೂಗಿತು.

“ಸಂಜಿಗೆ ಕೂಡಿಸ್ತೀನಿ,” ಎಂದು ಓಡಿದ.

ಹೊತ್ತು ಏರಿದಾಗ ದಾವಲ್ ಬೀ ಏದುಸಿರು ಬಿಡುತ್ತ ಬಂದಳು. “ನಿಮ್ಮ ಚಿಗಟೇರಿ ಬೀಗತಿ ಬಸ್ ಇಳದಾಳ. ಬಾಳಿಹಣ್ಣು ಚೌಕಾಸಿ ಮಾಡಾಕತ್ತಾಳ.”

ಗಾದೆಮ್ಮ ಬಾಗಿಲಿಲ್ಲದ ಬಾಗಿಲನ್ನು ನೋಡಿದಳು. ಅಂಜಿನಕ್ಕ ಮುಗಿಯದ ಕೌದಿಯನ್ನು ನೋಡಿದಳು. ಮೂಲೆ ಇನ್ನೂ ಬಾಯಿ ತೆರೆದಿತ್ತು, ನಡುವೆ ಹೊಲಿಗೆ ಕಾಣದ ಒಂದು ಚೌಕ ಉಳಿದಿತ್ತು.

“ಆತು, ಹೋತು,” ಎಂದಳು ಅಂಜಿನಕ್ಕ. “ಕರಕೊಂಡ ಹೋಗ್ತಾಳ.”

ಜಂಬಕ್ಕ ಭಾರದ ಮೈಯಲ್ಲಿ ಮೆಲ್ಲಗೆ ಬಗ್ಗಿ ಕೌದಿಯ ಅಂಚು ಹಿಡಿದು ಎಳೆದಳು. ಇನ್ನೂ ಎಳೆದಳು. ಅಂಚು ಹೊಸ್ತಿಲಿಗೆ ಮುಟ್ಟುವ ತನಕ ಎಳೆದು, ಒಳಗೆ ಬರುವವರಿಗೆ ಕಾಲಿಡಲು ಬೇರೆ ಜಾಗವೇ ಇಲ್ಲದಂತೆ ಹಾಸಿ, ತನ್ನ ಜಾಗಕ್ಕೆ ಹೋಗಿ ಗೋಡೆಗೆ ಒರಗಿ ಕುಳಿತಳು. ಅವ್ವ ಅಜ್ಜಿ ಇಬ್ಬರೂ ಬಾಯಿ ಬಿಟ್ಟು ನೋಡಿದರು. ನಂತರ ಇಬ್ಬರೂ ಸೂಜಿ ಹಿಡಿದು, ಏನೂ ಗೊತ್ತಿಲ್ಲದವರಂತೆ ಬಗ್ಗಿದರು.

ಉಚ್ಚಂಗೆಮ್ಮ ಕೈಯಲ್ಲೊಂದು ದೊಡ್ಡ ಚೀಲ, ಬಾಳೆಹಣ್ಣು ಹಿಡಿದು ಬಂದಳು. ಗೋಡೆಗೆ ಆನಿಸಿದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

“ಬಾಗಲ ಹೊರಗ ಮಲಗೈತಿ ಏನು?” ಎನ್ನುತ್ತ ಹೊಸ್ತಿಲು ದಾಟಿ ಕಾಲಿಟ್ಟಳು.

“ಅತ್ತಿ,” ಎಂದಳು ಜಂಬಕ್ಕ, “ಕೌದಿ ತುಳಿದ್ರಿ.”

ಉಚ್ಚಂಗೆಮ್ಮ ಕಾಲ ಕೆಳಗೆ ನೋಡಿದಳು. ಈ ಕಟ್ಟುಪಾಡು ಚಿಗಟೇರಿಯಲ್ಲೂ ಇತ್ತು. ಚೀಲವನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ ಕುಳಿತಳು.

“ಸೂಜಿ ಕೊಡ್ರಿ. ಒಂದು ಸಾಲು ಹಾಕಿ ಏಳ್ತೀನಿ. ಮಧ್ಯಾಹ್ನದ ಬಸ್ಸಿಗೆ ಹೋಗಬೇಕು.”

ಸಾಲು ಹಾಕಿದಳು. ಸುಮ್ಮನೆ ಏಳಬಹುದಿತ್ತು. ಆದರೆ ಪಕ್ಕದ ಸಾಲು ಅವಳ ಕಣ್ಣಿಗೆ ಬಿತ್ತು.

“ಇದೇನಿದು, ಚೀಲ ಹೊಲಿದಂಗೈತಿ?”

“ಅದು ನಿಮ್ಮ ಬೀಗರ ಕೈ,” ಎಂದಳು ಗಾದೆಮ್ಮ.

“ಮತ್ತ ನೀವು ಅಂಚಿಂದ ಸುತ್ತಿಕೋತ ಯಾಕ ಹೊಲಿತೀರಿ? ನಮ್ಮ ಕಡಿ ಈ ತುದಿಂದ ಆ ತುದಿಗೆ ನೆಟ್ಟಗ ಹೊಲಿತೀವಿ.”

“ನೆಟ್ಟಗ ಹೊಲಿದ್ರ ಒಗೆದಾಗ ಸುಕ್ಕು ಬರ್ತೈತಿ,” ಎಂದಳು ಅಂಜಿನಕ್ಕ.

“ನಮ್ಮ ಕೌದಿ ಸುಕ್ಕು ಬಂದದ್ದು ನೋಡಿರೇನು?”

“ನಿಮ್ಮ ಕೌದಿನ ನೋಡಿಲ್ಲ. ಯಾರೂ ತೋರಿಸಿಲ್ಲ.”

ಉಚ್ಚಂಗೆಮ್ಮ ಎರಡನೆಯ ಸಲ ಸೂಜಿ ಎತ್ತಿಕೊಂಡಳು. “ತೋರಿಸ್ತೀನಿ ಬರ್ರಿ,” ಎಂದಳು. ನಡುವಿನ ಬರಿಯ ಚೌಕಕ್ಕೆ ಕೈ ಹಾಕಿದಳು. ಮಧ್ಯಾಹ್ನದ ಬಸ್ಸು ಹೋದದ್ದು ಅವಳಿಗೆ ಕೇಳಿಸಲೇ ಇಲ್ಲ. ಗಾದೆಮ್ಮ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಹುರಳಿಕಾಳಿನ ಪಲ್ಯ ತಂದಿಟ್ಟಳು. ಅಂಜಿನಕ್ಕನೂ ಕುಳಿತು ಅದೇ ರೊಟ್ಟಿ ತಿಂದಳು. ಬೀಗತಿಯ ಮುಂದೆ ಹಿತ್ತಲ ಒಲೆ ತೋರಿಸುವಷ್ಟು ದಡ್ಡಿಯಲ್ಲ ಅವಳು.

ನೀರು ಕುಡಿಯುವಾಗ ಉಚ್ಚಂಗೆಮ್ಮನ ಕಣ್ಣು ಮೂಲೆಗೆ ಹೋಯಿತು. “ಅಷ್ಟು ದೊಡ್ಡ ಸ್ಟೀಲ್ ಡಬರಿ ಎಲ್ಲಿ ಸಿಕ್ತು?”

ಗಾದೆಮ್ಮ ತಲೆ ತಗ್ಗಿಸಿದಳು. ಅಂಜಿನಕ್ಕ ತುತ್ತು ನುಂಗಿ ಹೇಳಿದಳು. “ನನ್ನ ಸೊಸಿ ತಂದಾಳ. ಈ ಓಣ್ಯಾಗ ಯಾರ ಮನ್ಯಾಗೂ ಇಲ್ಲ.”

“ಸಿಂಬಿ ಯಾಕ ಅದಕ್ಕ?”

“ಸ್ಟೀಲು ನೆಲಕ್ಕ ಇಡಬಾರದು.”

ಜಂಬಕ್ಕ ಕೆಮ್ಮು ಬಂದವಳಂತೆ ಸೆರಗು ಬಾಯಿಗಿಟ್ಟುಕೊಂಡಳು.

ಊಟದ ನಂತರ ಮತ್ತೆ ಸೂಜಿ. ಉಚ್ಚಂಗೆಮ್ಮ ಅಡುಗೆಮನೆಯ ಕಡೆಯ ಸಾಲುಗಳಿಗೆ ಬಂದಳು. “ಇವು ಯಾರವು? ಟಾಕಿ ಉದ್ದ ಬಿದ್ದಾವ. ಬಿಚ್ಚಿ ಹೊಲಿಬೇಕು.”

“ಬಿಚ್ಚಾಂಗಿಲ್ಲ,” ಎಂದಳು ಅಂಜಿನಕ್ಕ. ದನಿ ಏರಿತ್ತು. “ಅದು ನನ್ನ ಸೊಸಿ ಹೊಲಿಗಿ. ಉದ್ದ ಇದ್ದರೇನಾತು, ಗಟ್ಟಿ ಐತಿ. ಮನಿ ಕೆಲಸ ಎಲ್ಲಾ ಮುಗಿಸಿ ಹೊಲಿದಾಳ.” ಹಾಗೆನ್ನುತ್ತ ದಾರ ತೀರಿದ ತನ್ನ ಸೂಜಿಯನ್ನು ಮುಂದೆ ಚಾಚಿದಳು. “ಗಾದೆಮ್ಮ, ಇದಕ್ಕೊಂದು ದಾರ ಪೋಣಿಸು.”

ಜಂಬಕ್ಕ ಅಭ್ಯಾಸದಂತೆ ಕೈ ನೀಡಿದ್ದಳು, ಹಿಂದೆ ತೆಗೆದಳು. ಗಾದೆಮ್ಮ ಸೂಜಿ ತೆಗೆದುಕೊಂಡಳು. ದಾರ ಒಂದೇ ಸಲಕ್ಕೆ ಹೋಗಲಿಲ್ಲ. ಎಂಜಲು ಹಚ್ಚಿ ಮತ್ತೆ ಪೋಣಿಸಿ ಕೊಟ್ಟಳು.

“ತಗೊಳ್ರಿ, ಅತ್ತಿ.”

ಹೊತ್ತು ಇಳಿಯುವ ಹೊತ್ತಿಗೆ ಕೊನೆಯ ಮೂಲೆ ಉಳಿಯಿತು. ಗಾದೆಮ್ಮ ಒಳಗೆ ಹೋಗಿ ಒಂದೇ ಒಂದು ಹೋಳಿಗೆಗೆ ಆಗುವಷ್ಟು ಬೇಳೆ ಬೇಯಿಸಿದಳು, ರಹಿಮಾನ್ ನೆಟ್ಟಗೆ ಮಾಡಿದ ಸ್ಟೋವಿನ ಮೇಲೆ. ಆದರೆ ಮೂಲೆಯ ಮೇಲ್ಬಟ್ಟೆಗೆ ತುಂಡು ಸಾಲಲಿಲ್ಲ. ಅಂಜಿನಕ್ಕ ಸುತ್ತಲೂ ನೋಡಿದಳು. ಅದೇ ಹೊತ್ತಿಗೆ ಹೊಸ ಗೂಟ ಹಿಡಿದು ಬಂದ ಎರ್ರೆಪ್ಪ, ತಾಯಿಯ ನೋಟ ಕಂಡು ಎರಡೂ ಕೈಯಲ್ಲಿ ಅಂಗಿಯ ಮುಂಭಾಗ ಹಿಡಿದುಕೊಂಡು ಹೊರಗೇ ನಿಂತ.

“ಪಕ್ಕಕ್ಕ ಸರೀರಿ,” ಎಂದಳು ಉಚ್ಚಂಗೆಮ್ಮ. ತನ್ನ ಚೀಲ ಹತ್ತಿರಕ್ಕೆ ಎಳೆದು ಗಂಟು ಬಿಚ್ಚಿದಳು. ಒಳಗೆ ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಧೋತರದ ತುಂಡುಗಳು, ಒಂದರ ಮೇಲೊಂದು ಮಡಚಿದ್ದವು. ಜಂಬಕ್ಕ ಗಂಡನ ಧೋತರದ ಅಂಚು ಗುರುತಿಸಿದಳು. ಕೂಸಿಗೆ ಹಾಸಲು, ಸುತ್ತಲು ಮಾಡಿದ ಬಟ್ಟೆ.

“ಅತ್ತಿ,” ಎಂದಳು ಜಂಬಕ್ಕ, “ನನ್ನ ಚಿಗಟೇರಿಗೆ ಒಯ್ಯಾಕ ಬಂದವರು, ಕೂಸಿನ ಬಟ್ಟಿ ಇಲ್ಲಿಗೆ ಯಾಕ ತಂದ್ರಿ?”

ಉಚ್ಚಂಗೆಮ್ಮ ಒಂದು ತುಂಡು ಆರಿಸಿ ಮೂಲೆಗೆ ಅಳತೆ ನೋಡಿದಳು. “ಬಸ್ಸಿನ್ಯಾಗ ತಲಿಗೆ ಒರಗು ಬೇಕಾಗಿತ್ತು.”

ಯಾರೂ ನಂಬಲಿಲ್ಲ. ಅವಳು ಮೂರು ಟಾಕಿ ಹಾಕಿ ಸೂಜಿ ನಿಲ್ಲಿಸಿದಳು.

“ಅವತ್ತು ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ಅಂದು ಬಿಟ್ಟೆ. ಮನಿಗೆ ಹೋದ ಮ್ಯಾಲೆ ನನ್ನ ಮಗನೂ ಬೈದ. ಅಂದ ಮಾತು ನುಂಗಾಕ ಒಂದು ನೆಪ ಬೇಕಾಗಿತ್ತು.” ಸೊಸೆಯ ಕಡೆ ತಿರುಗಿದಳು. “ಹೊಸ್ತಿಲ ತನಕ ಕೌದಿ ಹಾಸಿದ್ದು ನನಗ ಕಾಣಲಿಲ್ಲ ಅನಕೊಂಡಿಯೇನು? ನೋಡೇ ಕಾಲಿಟ್ಟೆ.”

ಅಂಜಿನಕ್ಕ ಮೊದಲು ನಕ್ಕಳು. ಅವಳು ನಕ್ಕರೆ ಮೈಯೆಲ್ಲ ಅಲುಗುತ್ತಿತ್ತು. ಆಮೇಲೆ ಎಲ್ಲರೂ ನಕ್ಕರು. ಪಕ್ಕದ ಮನೆಯಿಂದ ದಾವಲ್ ಬೀ ಏನಾಯಿತೆಂದು ಕೂಗಿ ಕೇಳಿದಳು. ಗಾದೆಮ್ಮ ಹೋಳಿಗೆ ತಂದು ಒಂದು ಚೂರು ಮುರಿದು ಅತ್ತೆಯ ಕೈಗೆ ಕೊಟ್ಟಳು. ಅಂಜಿನಕ್ಕ ಅದನ್ನು ಉಚ್ಚಂಗೆಮ್ಮನ ಕೈಗೆ ದಾಟಿಸಿದಳು.

“ನೀವ ಉಣ್ಣಸ್ರಿ.”

ಉಚ್ಚಂಗೆಮ್ಮ ಹೋಳಿಗೆಯನ್ನು ಮೂಲೆಯೊಳಗಿಟ್ಟು, ಮಗನ ಧೋತರದ ತುಂಡಿನಿಂದ ಮುಚ್ಚಿ, ಟಾಕಿ ಹಾಕಿ, ದಾರವನ್ನು ಹಲ್ಲಿಂದ ಕತ್ತರಿಸಿದಳು. ಜಂಬಕ್ಕನ ಕಾಲಿನ ಮೇಲೆ ಕೌದಿ ಬಿತ್ತು.

ಹೊರಗಿಂದ ಗಾಳಿ ಬೀಸಿತು. ಉಚ್ಚಂಗೆಮ್ಮ ತಿರುಗಿ ನೋಡಿದಳು. ಎರ್ರೆಪ್ಪ ಇನ್ನೂ ಅಂಗಿ ಹಿಡಿದುಕೊಂಡೇ ನಿಂತಿದ್ದ.

“ಎರ್ರೆಪ್ಪಣ್ಣ, ಬಾಗಲ ಯಾವಾಗ ಕೂಡಸ್ತಿ?”

“ಸಂಜಿಗೆ,” ಎಂದ ಅವನು, ಬಾಯಿಗೆ ಬಂದ ಹಾಗೆ.

“ಸಂಜಿ ಆಗೈತಿ. ಕೂಡಿಸು.”

ಅವನು ಹೊರಗೆ ನೋಡಿದ. ಹೌದು, ಸಂಜೆಯೇ ಆಗಿತ್ತು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಗೂಟ ಬಡಿದ, ರಹಿಮಾನನನ್ನು ಕೂಗಿ ಕರೆದ, ಇಬ್ಬರೂ ಬಾಗಿಲನ್ನು ಎತ್ತಿ ಕೂಡಿಸಿದರು. ಎರ್ರೆಪ್ಪ ಒಳಗೆ ಬಂದು ಒಂದು ಬೆರಳಿಂದ ನೂಕಿದ. ದಸರಾದಿಂದ ಮುಚ್ಚದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಚಿಗಟೇರಿಯ ಕೊನೆಯ ಬಸ್ಸು ಹಾರ್ನ್ ಹಾಕುತ್ತ ಊರು ದಾಟುತ್ತಿತ್ತು. ಉಚ್ಚಂಗೆಮ್ಮ ಒಳಗೇ ಇದ್ದಳು, ಎರಡನೆಯ ಹೋಳಿಗೆ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಳು.